ನಿಮ್ಮ ಚೀಲ, ನಿಮ್ಮ ಬೆನ್ನು

ಹಿಮಾಲಯದ ಟ್ರೆಕ್ ಬುಕ್ ಮಾಡುವಾಗ ಫಾರ್ಮಿನ ಕೊನೆಗೆ ಒಂದು ಸಣ್ಣ ಚೌಕ ಬರ್ತದೆ: ಬ್ಯಾಗ್ ಆಫ್‌ಲೋಡ್ ಬೇಕಾ? ದಿನಕ್ಕೆ ಕೆಲವು ನೂರು ರೂಪಾಯಿ ಹೆಚ್ಚಿಗೆ ಕಟ್ಟಿ ಟಿಕ್ ಹಾಕಿದರೆ ಮುಗೀತು. ಬೆಳಿಗ್ಗೆ ಟೆಂಟಿನ ಹೊರಗೆ ಚೀಲ ಇಟ್ಟುಬಿಡಿ. ಸಂಜೆ ಮುಂದಿನ ಕ್ಯಾಂಪಿಗೆ ನೀವು ಏದುಸಿರು ಬಿಡುತ್ತಾ ಹೋಗೋ ಹೊತ್ತಿಗೆ ಅದು ನಿಮಗಿಂತ ಮೊದಲೇ ಬಂದು ಕೂತಿರ್ತದೆ. ನಡುವೆ ಅದನ್ನ ಹೊತ್ತದ್ದು ಹೇಸರಗತ್ತೆಯೋ ಮನುಷ್ಯನೋ, ಎಷ್ಟು ಕೆ.ಜಿ. ಹೊತ್ತರು, ಕಾಲಲ್ಲಿ ಎಂಥಾ ಬೂಟಿತ್ತು, ಕೈಗೆ ಎಷ್ಟು ಬಂತು, ಇದ್ಯಾವುದೂ ರಸೀದಿಯಲ್ಲಿ ಇರಲ್ಲ. ಊರಿಗೆ ಬಂದ ಮೇಲೆ ನೀವು ಇನ್‌ಸ್ಟಾಗ್ರಾಮಿನಲ್ಲಿ ಫೋಟೋ ಹಾಕ್ತೀರಿ. ಕೆಳಗೆ ಬರೆಯೋದು: ಬ್ಯಾಕ್‌ಪ್ಯಾಕಿಂಗ್.

ಪ್ಯಾಕ್ ನಿಮ್ಮದು, ಸರಿ. ಬ್ಯಾಕ್ ಯಾರದು?

ನನ್ನ ವಾದ ದೊಡ್ಡದೇನಲ್ಲ. ಬೆನ್ನು ಗಟ್ಟಿ ಇದ್ದವರು ಆ ಚೌಕಕ್ಕೆ ಟಿಕ್ ಹಾಕಬಾರದು. ನಿಮ್ಮ ಸ್ವಂತದ ಬಟ್ಟೆ, ನಿಮ್ಮ ನೀರು, ನಿಮ್ಮ ಚಾರ್ಜರು ನೀವೇ ಹೊರಬೇಕು. ಹೊರಲಾಗದಷ್ಟು ಇದ್ದರೆ ಕಡಿಮೆ ತಗೊಂಡು ಹೋಗಬೇಕು. ಟೆಂಟು, ಪಾತ್ರೆ, ಗ್ಯಾಸು, ರೇಷನ್ ಅಂಥಾ ಎಲ್ಲರ ಸಾಮಾನು ಹೊರೋದಕ್ಕೆ ಜನ ಬೇಕು, ಒಪ್ಪಿದೆ. ಆದರೆ ಅವರ ಬೆನ್ನಿನ ಮೇಲೆ ಎಷ್ಟು ಕೆ.ಜಿ. ಹೇರಬಹುದು ಅನ್ನೋದಕ್ಕೆ ಒಂದು ಮಿತಿ ಇರಬೇಕು, ಅದನ್ನ ತೂಗಿ ನೋಡಬೇಕು. ಇಷ್ಟು ಹೇಳಿದ್ದಕ್ಕೇ ನನ್ನ ಟೀಮಿನವರು 'ನೀನು ಎಲ್ಲದರಲ್ಲೂ ರಾಜಕೀಯ ತರ್ತೀಯ' ಅಂತಾರೆ. ಹಾಗಾಗಿ ಸ್ವಲ್ಪ ಬಿಡಿಸಿ ಬರೀತೀನಿ.

ನಾನು ಭಾಲ್ಕಿ ತಾಲ್ಲೂಕಿನ ಹಳ್ಳಿಯವನು. ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದು ಹತ್ತು ವರ್ಷದ ಮೇಲಾಯ್ತು. ನಮ್ಮ ಕಡೆ ಭಾರ ಹೊರೋದು ಹವ್ಯಾಸ ಅಲ್ಲ, ಅದೊಂದು ಕೆಲಸ. ಅದಕ್ಕೊಂದು ಹೆಸರಿದೆ, ಹಮಾಲಿ. ನನ್ನ ಸೋದರಮಾವ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡಿದವರು. ತೊಗರಿ, ಉದ್ದು, ಸೋಯಾ. ಆಗೆಲ್ಲ ಕ್ವಿಂಟಲ್ ಚೀಲ. ನೂರು ಕೆ.ಜಿ. ಚೀಲವನ್ನ ಕೊಕ್ಕೆ ಹಾಕಿ ಎತ್ತಿ, ಬೆನ್ನ ಮೇಲೆ ಹೊರಿಸಿಕೊಂಡು, ಲಾರಿಗೆ ಹಾಕಿದ ಹಲಗೆ ಮೇಲೆ ಓಡೋದು. ಓಡಲೇಬೇಕು, ನಿಂತರೆ ಬೀಳ್ತೀವಿ ಅಂತಿದ್ದರು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಗಂಡಾಳೊಬ್ಬ ಹೊರುವ ಭಾರ 55 ಕೆ.ಜಿ. ಮೀರಬಾರದು ಅಂತ ಶಿಫಾರಸು ಮಾಡಿತ್ತು. ಆ ಸುದ್ದಿ ನಮ್ಮ ಯಾರ್ಡಿಗೆ ಬಂದು ಮುಟ್ಟೋಕೆ ಬಹಳ ವರ್ಷ ಹಿಡೀತು. ಐವತ್ತು ದಾಟೋದರೊಳಗೆ ಮಾವನ ಬೆನ್ನು ಬಾಗಿತ್ತು. ನಾನು ಮೊದಲ ಸಲ ಹಿಮಾಲಯಕ್ಕೆ ಹೊರಟಾಗ, ದುಡ್ಡು ಕೊಟ್ಟು ಗುಡ್ಡ ಹತ್ತೋಕೆ ಹೋಗ್ತಾರಾ ಅಂತ ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಒಂದೇ ಮಾತು ಕೇಳಿದರು.

'ಚೀಲ ಯಾರು ಹೊರತಾರ?'

'ನಾನೇ ಹೊರ್ತೀನಿ ಮಾವ.'

'ಹಂಗಿದ್ರ ಹೋಗಿ ಬಾ.'

ಹೋದದ್ದು ಹಿಮಾಚಲದ ಹಂಪ್ಟಾ ಪಾಸ್. ಕುಲ್ಲು ಕಡೆಯ ಹಸಿರು ಕಣಿವೆಯಿಂದ ಹೊರಟು, ಸುಮಾರು 14,000 ಅಡಿ ಎತ್ತರದ ಕಣಿವೆಬಾಯಿ ದಾಟಿ, ಆಚೆ ಲಾಹೌಲ್ ಕಡೆಯ ಬೋಳು ಗುಡ್ಡಗಳಿಗೆ ಇಳಿಯೋದು. ಗೆಳೆಯರು, ಗೆಳೆಯರ ಗೆಳೆಯರು ಸೇರಿ ಹದಿನಾಲ್ಕು ಜನ. ಸ್ವಂತ ಚೀಲ ಹೊತ್ತವರು ಮೂವರು. ಅದರಲ್ಲಿ ಒಬ್ಬಾಕೆ ಬೀದರಿನವಳು, ಆಸ್ಪತ್ರೆಯಲ್ಲಿ ನರ್ಸ್. ಉಳಿದ ಹನ್ನೊಂದು ಚೀಲ ಖಚ್ಚರ್ ಮೇಲೆ. ಆ ಹನ್ನೊಂದರಲ್ಲಿ ಒಬ್ಬ ಪ್ರತಿ ಸೋಮವಾರ ಜಿಮ್ಮಿನಲ್ಲಿ ನೂರು ಕೆ.ಜಿ. ಡೆಡ್‌ಲಿಫ್ಟ್ ಹೊಡೆದು ರೀಲ್ ಹಾಕೋನು. ಅವನ ಚೀಲ ಎಂಟು ಕೆ.ಜಿ. ಇತ್ತು.

ಪಾಸ್ ದಾಟುವ ದಿನ ಬಾಲು ಕಾ ಘೇರಾದಿಂದ ನಸುಕಿನಲ್ಲೇ ಹೊರಟೆವು. ಖಚ್ಚರ್‌ಗಳು ನಮ್ಮನ್ನ ದಾಟಿ ಮುಂದೆ ಹೋದವು. ಅವುಗಳ ಹಿಂದೆ ಅಡುಗೆಯ ಡಬ್ಬಿಗಳ ಬುಟ್ಟಿ ಹೊತ್ತ ಹುಡುಗ, ಇಪ್ಪತ್ತು ವಯಸ್ಸು ಇದ್ದಿರಬಹುದು. ಕಾಲಲ್ಲಿ ರಬ್ಬರಿನ ಗಂಬೂಟು. ಅವನು ಒಂದು ಸಲಕ್ಕೆ ಹತ್ತು ಹೆಜ್ಜೆ ನಡೆದು ನಿಂತು ಉಸಿರು ತಗೊಳ್ಳೋನು, ಮತ್ತೆ ಹತ್ತು ಹೆಜ್ಜೆ. ನಮ್ಮ ಗುಂಪು ಅವನ ಫೋಟೋ ತಗೊಂಡಿತು. ಮೇಲೆ ಮುಟ್ಟಿದಾಗ ಗಾಳಿ ಎದ್ದು ಐಸಿನ ಹರಳು ಬೀಳೋಕೆ ಶುರು ಆಯ್ತು. ಬೆಚ್ಚನೆ ಜಾಕೆಟ್ಟು ಜೊತೆಗೇ ಇಟ್ಟುಕೊಳ್ಳಿ ಅಂತ ಗೈಡ್ ಬೆಳಿಗ್ಗೆ ಎರಡೆರಡು ಸಲ ಹೇಳಿದ್ದರು. ಸಣ್ಣ ಚೀಲದಲ್ಲಿ ಕ್ಯಾಮೆರಾ ಇಟ್ಟುಕೊಂಡಿದ್ದ ಇಬ್ಬರ ಜಾಕೆಟ್ಟು ದೊಡ್ಡ ಚೀಲದಲ್ಲಿ. ದೊಡ್ಡ ಚೀಲ ಖಚ್ಚರ್ ಮೇಲೆ. ಖಚ್ಚರ್ ಎರಡು ಗಂಟೆ ಮುಂದೆ. ಗೈಡ್ ತಮ್ಮ ಜಾಕೆಟ್ ಬಿಚ್ಚಿ ಒಬ್ಬನಿಗೆ ಕೊಟ್ಟರು, ನರ್ಸ್ ತನ್ನ ಹತ್ತಿರ ಇದ್ದ ಹೆಚ್ಚಿನ ಸ್ವೆಟರ್ ಇನ್ನೊಬ್ಬನಿಗೆ ಕೊಟ್ಟಳು. ಸಂಜೆ ಶಿಯಾಗೊರುವಿನಲ್ಲಿ ಟೆಂಟು ಎದ್ದು ನಿಂತಿತ್ತು, ಬಿಸಿ ಸೂಪ್ ತಯಾರಿತ್ತು. ಸೂಪ್ ಮಾಡಿದ್ದು ಅದೇ ಗಂಬೂಟಿನ ಹುಡುಗ.

ಇಷ್ಟರಲ್ಲಿ ಎರಡು ಮಾತು ತಿಳೀತವೆ. ಒಂದು, ಚೀಲ ಹೋದ ಕಡೆಗೆ ನಿಮ್ಮ ರಕ್ಷಣೆಯೂ ಹೋಗ್ತದೆ. ಎರಡು, ಚೀಲ ಬೇರೆಯವರ ಬೆನ್ನಿಗೆ ಹೋದರೆ ಚೀಲದಲ್ಲಿ ಏನಿದೆ ಅನ್ನೋ ಲೆಕ್ಕವೂ ತಲೆಯಿಂದ ಹೋಗ್ತದೆ. ಸ್ವಂತ ಹೊರುವವನು ಮೂರನೇ ಪ್ಯಾಂಟು ತಗೊಳ್ಳೋವಾಗ ಯೋಚನೆ ಮಾಡ್ತಾನೆ. ಹೊರದವನು ಸ್ಪೀಕರನ್ನೂ ತರ್ತಾನೆ. ಆ ರಾತ್ರಿ ಶಿಯಾಗೊರುವಿನಲ್ಲಿ ನಿಜಕ್ಕೂ ಸ್ಪೀಕರ್ ಇತ್ತು.

ಬೆಟ್ಟ ಅಪಾಯದ ಜಾಗ, ಅದನ್ನ ಮರೆತು ಮಾತಾಡ್ತಾ ಇಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ ಚಾರಣಿಗರ ಗುಂಪಿನ ಒಂಬತ್ತು ಜನ ತೀರಿಕೊಂಡರು. ಅನುಭವ ಇದ್ದವರೂ ಅದರಲ್ಲಿದ್ದರು. ಅವರ ಸಾವನ್ನ ಯಾವ ವಾದಕ್ಕೂ ಎಳೆಯಬಾರದು. ನಾನು ಹೇಳೋದು ಇಷ್ಟು: ಗೈಡ್ ಬೇಡ, ಸಹಾಯಕರು ಬೇಡ, ಒಬ್ಬೊಬ್ಬರೇ ಹೋಗಿ ಅಂತ ನಾನು ಯಾರಿಗೂ ಹೇಳ್ತಾ ಇಲ್ಲ. ಅವರು ಬೇಕೇ ಬೇಕು. ಬೇಕು ಅನ್ನೋದಕ್ಕಾಗಿಯೇ ಅವರನ್ನ ನಿಮ್ಮ ಸ್ಪೀಕರ್ ಹೊರೋದಕ್ಕೆ ಸವೆಸಬಾರದು.

ಭಾರ ಯಾರು ಹೊರಬೇಕು ಅನ್ನೋ ಪ್ರಶ್ನೆ ನಾನು ಕಂಡುಹಿಡಿದದ್ದಲ್ಲ, ನಮ್ಮ ಬೀದರ್ ಮಣ್ಣಿನಷ್ಟು ಹಳೇದು. 1469ರ ಸುಮಾರಿಗೆ ಅಫನಾಸಿ ನಿಕಿತಿನ್ ಅನ್ನೋ ರಷ್ಯಾದ ವ್ಯಾಪಾರಿ ಕೊಂಕಣದ ಚೌಲ್ ಬಂದರಿನಲ್ಲಿ ಇಳಿದು, ಪಶ್ಚಿಮ ಘಟ್ಟ ಹತ್ತಿ ಬೀದರಿಗೆ ಬಂದ. ಚೌಲ್‌ನಿಂದ ಬೆಟ್ಟದ ಬುಡದ ಪಾಲಿಗೆ ಎಂಟು ದಿನ, ಅಲ್ಲಿಂದ ಉಮ್ರಿಗೆ ಹತ್ತು ದಿನ, ಅಲ್ಲಿಂದ ಜುನ್ನರ್‌ಗೆ ಏಳು ದಿನ ಅಂತ ಲೆಕ್ಕ ಬರೆದಿಟ್ಟಿದ್ದಾನೆ. ಬೀದರಿನ ಮಟ್ಟಿಗೆ ದಾಖಲೆ ಇರುವ ದೊಡ್ಡ ಬೆಟ್ಟದ ಪಯಣ ಅಂದ್ರೆ ಇದೇ ಇರಬೇಕು. ಆಗ ಬೀದರ್ ಬಹಮನಿಗಳ ರಾಜಧಾನಿ, ಮಹಮೂದ್ ಗಾವಾನ್ ಆಡಳಿತ ನಡೆಸುತ್ತಿದ್ದ ಕಾಲ. ಅಷ್ಟು ದೂರ ಬಂದವನ ಕಣ್ಣಿಗೆ ಬಿದ್ದದ್ದು ಬರೀ ಕೋಟೆ, ಆನೆ ಅಲ್ಲ. ಹಳ್ಳಿಯ ಜನ ತೀರಾ ಬಡವರು, ಸರದಾರರು ತೀರಾ ಸಿರಿವಂತರು ಅಂತ ಬರೆದ. ಸರದಾರರು ಬೆಳ್ಳಿ ಮಂಚದ ಮೇಲೆ ಕೂತು ಜನರ ಹೆಗಲ ಮೇಲೆ ಓಡಾಡ್ತಾರೆ, ಮುಂದೆ ಚಿನ್ನದ ಸಾಜಿನ ಇಪ್ಪತ್ತು ಕುದುರೆ, ಹಿಂದೆ ಮುನ್ನೂರು ಸವಾರರು, ಐದುನೂರು ಕಾಲಾಳು ಅಂತ ಎಣಿಸಿ ಬರೆದ. ಬೆಟ್ಟ ಹತ್ತಿ ಇಳಿದು ಬಂದವನಿಗೆ ಹೊತ್ತವರು ಯಾರು, ಹೊರಿಸಿಕೊಂಡವರು ಯಾರು ಅನ್ನೋದು ಕೂಡಲೇ ಕಂಡಿತು.

ಅದಕ್ಕೂ ಮುನ್ನೂರು ವರ್ಷ ಹಿಂದೆ, ಇದೇ ಜಿಲ್ಲೆಯ ಕಲ್ಯಾಣದಲ್ಲಿ, ಇನ್ನೊಬ್ಬ ಬೆಟ್ಟದಿಂದ ಬಂದವನ ಕಥೆ ಇದೆ. ಮೋಳಿಗೆ ಮಾರಯ್ಯ. ಕಾಶ್ಮೀರದ ಅರಸನಾಗಿದ್ದ, ಎಲ್ಲ ಬಿಟ್ಟು ಹೆಂಡತಿ ಸಮೇತ ಕಲ್ಯಾಣಕ್ಕೆ ಬಂದ, ಕಾಡಿನಿಂದ ಕಟ್ಟಿಗೆ ಹೊರೆ ತಂದು ಮಾರಿ ಬದುಕಿದ ಅಂತ ಶರಣರ ಪರಂಪರೆ ಹೇಳ್ತದೆ. ಮೋಳಿಗೆ ಅಂದ್ರೆ ಕಟ್ಟಿಗೆ ಹೊರೆ. ಅರಸನ ಹೆಸರು ಹೋಗಿ ಹೊರೆಯ ಹೆಸರು ಉಳೀತು. ಇತಿಹಾಸವೋ ಐತಿಹ್ಯವೋ, ಅದನ್ನ ವಿದ್ವಾಂಸರು ನೋಡಿಕೊಳ್ಳಲಿ. ನಮ್ಮ ಜನ ಎಂಟುನೂರು ವರ್ಷದಿಂದ ಈ ಕಥೆಯನ್ನ ಯಾಕೆ ಕಾಪಾಡಿಕೊಂಡು ಬಂದರು ಅನ್ನೋದು ನನಗೆ ಮುಖ್ಯ. ಹೊರಿಸಿಕೊಳ್ಳಬಹುದಾಗಿದ್ದವನು ತಾನೇ ಹೊತ್ತ ಅನ್ನೋದೇ ಅದರ ತಿರುಳು. ಬೆಂಗಳೂರಿನಿಂದ ಕಾಶ್ಮೀರದ ಗ್ರೇಟ್ ಲೇಕ್ಸ್ ಟ್ರೆಕ್ಕಿಗೆ ಹೋಗುವವರು ಮಾರಯ್ಯ ಬಂದ ದಾರಿಯಲ್ಲೇ ತಿರುಗಿ ಹೋಗ್ತಾರೆ. ಹೊರೆ ಮಾತ್ರ ಕುದುರೆಯ ಮೇಲೆ.

ಬೆಳ್ಳಿ ಮಂಚವೋ ಕಟ್ಟಿಗೆ ಹೊರೆಯೋ, ನಮ್ಮ ನೆಲದ ಮೇಲೆ ಎರಡೂ ಇವೆ. ಆಫ್‌ಲೋಡ್ ಚೌಕ ಬೆಳ್ಳಿ ಮಂಚದ ಕಡೆಗೆ ಹೋಗುವ ದಾರಿ. ಕಂತಿನಲ್ಲಿ ಸಿಗ್ತದೆ, ಅಷ್ಟೇ ವ್ಯತ್ಯಾಸ.

'ಸರಿ, ನೀನು ಹೇಳುವ ಹಾಗೆ ನಡೆಯೋರು ಎಲ್ಲಿದ್ದಾರೆ?' ಅಂತ ಕೇಳ್ತೀರಿ. ದಸರಾ ಮುಗಿದ ಮೇಲೆ ನಮ್ಮ ಕಡೆ ಬನ್ನಿ. ಸೀಗೆ ಹುಣ್ಣಿಮೆಗೆ ತುಳಜಾಪುರ ಮುಟ್ಟಬೇಕು ಅಂತ ಬೀದರ್, ಕಲಬುರಗಿ, ಹೈದರಾಬಾದ್ ಕಡೆಯಿಂದ ಜನ ನಡೀತಾರೆ. ಭಾಲ್ಕಿಯಿಂದ ಬಸವಕಲ್ಯಾಣ, ಉಮರ್ಗಾ, ನಳದುರ್ಗ ಹಿಡಿದು ಹೋದರೆ ಸುಮಾರು ನೂರೈವತ್ತು ಕಿಲೋಮೀಟರ್. ನಾಲ್ಕೈದು ದಿನ. ಔರಾದ್ ಕಡೆಯಿಂದ ಹೊರಟವರಿಗೆ ಇನ್ನೊಂದು ದಿನ ಹೆಚ್ಚು. ಕೊನೆಗೆ ಬಾಲಾಘಾಟ್ ಗುಡ್ಡಸಾಲು. ಹಿಮಾಲಯದ ಮುಂದೆ ಅದು ಗುಡ್ಡವೇ ಅಲ್ಲ, ನಿಜ. ಆದರೆ ನಾಲ್ಕು ದಿನ ಡಾಂಬರಿನ ಮೇಲೆ ನಡೆದ ಕಾಲಿಗೆ ಹೇಳಿ ನೋಡಿ.

ನಾನು ನಮ್ಮೂರ ಗುಂಪಿನ ಜೊತೆ ಹೋಗಿದ್ದೀನಿ, ಇಪ್ಪತ್ತೆರಡು ಜನ. ಕೊನೆಯ ದಿನ ನಳದುರ್ಗ ಬಿಟ್ಟದ್ದು ನಸುಕಿನ ಮೂರಕ್ಕೆ, ಬಿಸಿಲು ಏರೋದರೊಳಗೆ ಅರ್ಧ ದಾರಿ ಮುಗಿಸಬೇಕು. ಮುಂದಿರೋದು ಮೂವತ್ತು ಕಿಲೋಮೀಟರಿಗೂ ಮೇಲೆ. ಕತ್ತಲಲ್ಲಿ ರಸ್ತೆ ಅಂಚಿನ ಬಿಳಿ ಗೆರೆಯೊಂದೇ ಗುರುತು. ಎದುರಿನಿಂದ ಲಾರಿ ಬಂದಾಗಲೆಲ್ಲ ಮುಂದಿದ್ದವರು 'ಗಾಡಿ, ಗಾಡಿ' ಅಂತ ಕೂಗೋರು, ಸಾಲು ಗೆರೆಯಿಂದ ಕೆಳಗಿಳಿದು ಜಾಲಿ ಕಂಟಿಯ ಪಕ್ಕ ನಿಲ್ಲೋದು, ಗಾಳಿಯ ಹೊಡೆತ ಹೋದ ಮೇಲೆ ಮತ್ತೆ ಹತ್ತೋದು. ಬೆಳಕಾದಾಗ ಎರಡೂ ಕಡೆ ಕರಿ ಮಣ್ಣು, ಸೋಯಾ ರಾಶಿ ಮುಗಿದ ಹೊಲ, ಹೂ ಬಿಡುತ್ತಿದ್ದ ತೊಗರಿ. ದಾರಿಯುದ್ದಕ್ಕೂ ಶಾಮಿಯಾನ. ಒಬ್ಬರು ಉಪ್ಪಿಟ್ಟು ಕೊಡ್ತಾರೆ, ಒಬ್ಬರು ಬಾಳೆಹಣ್ಣು, ಒಬ್ಬರು ಚಾ. ಒಂದು ಕಡೆ ಕಾಲೇಜು ಹುಡುಗರು ಬಿಸಿನೀರಿನ ಬಕೆಟ್ ಇಟ್ಟುಕೊಂಡು, ಯಾರೆಂದು ಗೊತ್ತಿಲ್ಲದವರ ಕಾಲು ತೊಳೆದು ಎಣ್ಣೆ ಹಚ್ಚುತ್ತಿದ್ದರು. ಯಾರೂ ದುಡ್ಡು ಕೇಳಲ್ಲ, ಯಾರೂ ರೇಟಿಂಗ್ ಕೇಳಲ್ಲ.

ನಮ್ಮ ಗುಂಪಿನಲ್ಲಿ ಎಪ್ಪತ್ತರ ಹತ್ತಿರದ ಆಯಿ ಒಬ್ಬರಿದ್ದರು. ತಲೆಯ ಮೇಲೆ ಗಂಟು. ಅದರಲ್ಲಿ ಏನಿತ್ತು ಅಂದ್ರೆ: ಒಂದು ಚಾದರ, ಒಂದು ಸೀರೆ, ದಸ್ತಿಯಲ್ಲಿ ಕಟ್ಟಿದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ತಂಬಿಗೆ, ಟಾರ್ಚು, ಬಿಪಿ ಗುಳಿಗೆ, ದೇವಿಗೆ ಒಂದು ತೆಂಗಿನಕಾಯಿ. ನಾಲ್ಕು ಕೆ.ಜಿ. ಇದ್ದಿರಬೇಕು. ಐದು ದಿನಕ್ಕೆ ಮನುಷ್ಯನಿಗೆ ಏನು ಬೇಕು ಅನ್ನೋ ಪಟ್ಟಿ ಇಷ್ಟೇ. ಅಮೆರಿಕಾದಲ್ಲಿ ಇದನ್ನ 'ಅಲ್ಟ್ರಾಲೈಟ್' ಅಂತ ಕರೆದು, ಒಂದೊಂದು ಗ್ರಾಂ ಇಳಿಸೋದಕ್ಕೆ ಸಾವಿರಾರು ರೂಪಾಯಿ ಬೆಲೆಯ ಟೈಟೇನಿಯಂ ಚಮಚ ಮಾರ್ತಾರೆ. ಆಯಿ ಕೈಯಲ್ಲೇ ಉಣ್ತಿದ್ದರು.

ಒಂಬತ್ತು ಗಂಟೆ ಸುಮಾರಿಗೆ ಪುಣೆ ನಂಬರಿನ ಕಾರೊಂದು ನಿಂತಿತು. ಗಂಡ ಹೆಂಡತಿ, ಒಳ್ಳೆಯ ಮಂದಿ. ಮುದುಕಿಯನ್ನ ನೋಡಿ ಪಾಪ ಅನಿಸಿ, ಗಂಟು ಕೊಡಿ, ತುಳಜಾಪುರದಲ್ಲಿ ನಿಮಗೆ ಮುಟ್ಟಿಸ್ತೀವಿ ಅಂದರು. ಆಯಿ ಅವರು ಕೊಟ್ಟ ನೀರು ಕುಡಿದರು, ಇಬ್ಬರ ತಲೆಯ ಮೇಲೂ ಕೈಯಿಟ್ಟರು. ಗಂಟು ಕೊಡಲಿಲ್ಲ. ಕಾರು ಹೋದ ಮೇಲೆ ನಾನು ಕೇಳಿದೆ, 'ಕೊಡಬೇಕಿತ್ತಲ್ಲ ಆಯಿ, ನಿನಗ ಹಗುರ ಆಗ್ತಿತ್ತು.'

'ಗಂಟು ಗಾಡ್ಯಾಗ ಹೋದ್ರ ಹರಕಿ ಗಾಡೀದೇ ಆಗ್ತದ ತಮ್ಮಾ, ನಂದಲ್ಲ.'

ಹರಕೆ, ದೇವಿ, ಇದನ್ನೆಲ್ಲ ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ನಾನೂ ಪ್ರತಿ ದಿನ ದೇವರ ಮುಂದೆ ಕೂರುವವನಲ್ಲ. ಆದರೆ ಈ ಮಾತಿನಲ್ಲಿ ದೇವಿಯನ್ನ ತೆಗೆದುಬಿಟ್ಟರೂ ಲೆಕ್ಕ ಸರಿಯಾಗೇ ಉಳೀತದೆ. ಹೊತ್ತವರದ್ದೇ ನಡಿಗೆ. ಉಳಿದವರದ್ದು ಪ್ರವಾಸ. ಪ್ರವಾಸ ಕೆಟ್ಟದ್ದಲ್ಲ. ಅದನ್ನ ಪ್ರವಾಸ ಅಂತಲೇ ಕರೀರಿ, 'ಬೆಟ್ಟ ಗೆದ್ದೆ' ಅಂತ ಬರೀಬೇಡಿ.

ಈಗ ನಿಮ್ಮ ಆಕ್ಷೇಪಗಳಿಗೆ ಬರ್ತೀನಿ. ಟೀ ಬ್ರೇಕಿನಲ್ಲಿ ಎಲ್ಲ ಕೇಳಿದ್ದೀನಿ.

ಮೊದಲನೇದು: 'ನಿಮ್ಮ ಪಾದಯಾತ್ರೆಯ ಹಿಂದೆಯೂ ಟ್ರ್ಯಾಕ್ಟರ್ ಬರ್ತದಲ್ಲ?' ಬರ್ತದೆ. ಬಹಳ ಗುಂಪುಗಳ ಹಿಂದೆ ಟ್ರ್ಯಾಕ್ಟರೋ ಟೆಂಪೋನೋ ಇರ್ತದೆ. ಅಕ್ಕಿ, ಬೇಳೆ, ದೊಡ್ಡ ಪಾತ್ರೆ, ಹಾಸಿಗೆ ಅದರಲ್ಲಿ. ಪಂಢರಪುರದ ವಾರಿಯ ದಿಂಡಿಗಳಲ್ಲೂ ಲಾರಿ ಇರ್ತದೆ. ನನ್ನ ತಕರಾರು ಚಕ್ರದ ಮೇಲಲ್ಲ, ಬೆನ್ನಿನ ಮೇಲೆ. ಎಂಜಿನ್ನಿಗೆ ಮೊಣಕಾಲು ಸವೆಯಲ್ಲ. ಇನ್ನೊಂದು ಮಾತು, ಆ ಟ್ರ್ಯಾಕ್ಟರಿನ ಡ್ರೈವರ್ ನಮ್ಮದೇ ಪಂಕ್ತಿಯಲ್ಲಿ ಕೂತು, ನಮ್ಮದೇ ಹುಗ್ಗಿ ಉಂಡು, ನಮ್ಮದೇ ಶಾಮಿಯಾನದಲ್ಲಿ ಮಲಗ್ತಾನೆ. ನಿಮ್ಮ ಕ್ಯಾಂಪಿನಲ್ಲಿ ಪೋರ್ಟರ್ ಎಲ್ಲಿ ಮಲಗ್ತಾನೆ? ಡೈನಿಂಗ್ ಟೆಂಟಿನಲ್ಲಿ ನಿಮ್ಮ ಪಕ್ಕ ಕೂತು ಉಣ್ತಾನಾ? ನಾನು ಕಂಡ ಕ್ಯಾಂಪುಗಳಲ್ಲಿ ಇಲ್ಲ. ನೀವು ಉಂಡೆದ್ದ ಮೇಲೆ ಅಡುಗೆ ಟೆಂಟಿನಲ್ಲಿ ಉಂಡು, ಅಲ್ಲೇ ಮಲಗ್ತಾರೆ.

ಎರಡನೇದು, ಎಲ್ಲರೂ ಹೇಳೋದು, ಸ್ವಲ್ಪ ಬಲವಾದದ್ದು: 'ನಾವು ಆಫ್‌ಲೋಡ್ ಮಾಡದಿದ್ದರೆ ಅವರಿಗೆ ಕೆಲಸ ಎಲ್ಲಿಂದ? ಹೊಟ್ಟೆಪಾಡು ಕಸೀತೀರಾ?' ಹೊಟ್ಟೆಪಾಡು ನಿಜ. ಬೆಟ್ಟದ ಹಳ್ಳಿಗಳಲ್ಲಿ ಸೀಸನ್ ದುಡಿಮೆಯ ಮೇಲೆ ವರ್ಷ ಕಳೆಯೋ ಮನೆಗಳಿವೆ. ಆದರೆ ಈ ಮಾತನ್ನ ನಾನು ಸಣ್ಣವನಿದ್ದಾಗಿಂದ ಕೇಳಿದ್ದೀನಿ. ಕ್ವಿಂಟಲ್ ಚೀಲ ಐವತ್ತು ಕೆ.ಜಿ.ಗೆ ಇಳಿಯಬೇಕು ಅಂದಾಗಲೂ ವ್ಯಾಪಾರಿಗಳು ಇದನ್ನೇ ಹೇಳಿದರು: ಹಮಾಲರ ಹೊಟ್ಟೆ ಮೇಲೆ ಹೊಡೀತೀರಿ. ಚೀಲ ಸಣ್ಣದಾಯ್ತು. ಹಮಾಲಿ ನಿಲ್ಲಲಿಲ್ಲ. ಬೆನ್ನು ಮುರಿಯೋದು ಸ್ವಲ್ಪ ಕಡಿಮೆ ಆಯ್ತು.

ಪೆರು ದೇಶದಲ್ಲಿ ಇಂಕಾ ಟ್ರೇಲ್ ಅಂತ ನಾಲ್ಕು ದಿನದ ಪ್ರಸಿದ್ಧ ಬೆಟ್ಟದ ದಾರಿ ಇದೆ, ಮಾಚು ಪಿಚುವಿಗೆ ಹೋಗೋದು. ಅಲ್ಲಿ ಪೋರ್ಟರ್‌ಗಳು ಮೂಟೆ ಮೂಟೆ ಹೊತ್ತು ಸಾಯ್ತಿದ್ದರು. 2001ರಲ್ಲಿ ಕಾನೂನು ಬಂತು: ಒಬ್ಬನಿಗೆ 20 ಕೆ.ಜಿ. ಮೇಲೆ ಹೊರಿಸಬಾರದು. ದಾರಿ ಶುರುವಾಗುವ ಕಡೆ ತಕ್ಕಡಿ ಇಟ್ಟು ಮೂಟೆ ತೂಗ್ತಾರೆ. ಕಳ್ಳಾಟ ಅಲ್ಲೂ ಇರಬಹುದು, ತಕ್ಕಡಿ ಇದ್ದ ಮಾತ್ರಕ್ಕೆ ನ್ಯಾಯ ಬರಲ್ಲ. ಆದರೆ ಇಂಕಾ ಟ್ರೇಲ್ ಮುಚ್ಚಲಿಲ್ಲ, ಪೋರ್ಟರ್‌ಗಳು ಬೀದಿಗೆ ಬೀಳಲಿಲ್ಲ. ಒಬ್ಬನ ಮೇಲಿನ ಭಾರ ಕಡಿಮೆ ಆದರೆ ಅದೇ ಸಾಮಾನಿಗೆ ಹೆಚ್ಚು ಜನ ಬೇಕು, ಇದು ನಾಲ್ಕನೇ ಕ್ಲಾಸಿನ ಭಾಗಾಕಾರ. ಕೆಲಸದ ಬಗ್ಗೆ ನಿಜವಾಗಿ ಕಾಳಜಿ ಇದ್ದರೆ, ಟೆಂಟು ಪಾತ್ರೆ ಹೊರುವ ಕೆಲಸಕ್ಕೇ ಇನ್ನಿಬ್ಬರನ್ನ ಇಟ್ಟು ಅದರ ದುಡ್ಡು ನಮ್ಮಿಂದ ತಗೊಳ್ಳಿ ಅಂತ ಕಂಪನಿಗೆ ಬರೀರಿ. 'ಅವನಿಗೆ ಕೆಲಸ ಸಿಗಲಿ' ಅನ್ನೋ ಕರುಣೆ ನಿಮ್ಮ ಬೆನ್ನು ಹಗುರ ಆಗುವ ಕಡೆಗೇ ಯಾವಾಗಲೂ ತಿರುಗ್ತದೆ ಅಂದ್ರೆ, ಆ ಕರುಣೆಯ ಮೇಲೆ ನನಗೆ ಅನುಮಾನ.

ಖಚ್ಚರ್‌ಗೆ ಆ ಭಾಗಾಕಾರವೂ ಇಲ್ಲ. ಅದು ದೂರು ಕೊಡಲ್ಲ. 2022ರ ಯಾತ್ರೆಯಲ್ಲಿ ಕೇದಾರನಾಥದ ದಾರಿಯಲ್ಲಿ ಖಚ್ಚರ್‌ಗಳು ಕುಸಿದು ಸತ್ತ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ನೀವೂ ಶೇರ್ ಮಾಡಿದ್ದಿರಿ, ಅಳುವ ಮುಖದ ಚಿತ್ರ ಹಾಕಿ. ಭಕ್ತರ ಮೂಢತನ ಅಂತ ಬೈದಿದ್ದೂ ನೆನಪಿದೆ. ಭಕ್ತನನ್ನ ಹೊತ್ತ ಖಚ್ಚರ್ ಬೇರೆ, ನಿಮ್ಮ ಚೀಲ ಹೊತ್ತ ಖಚ್ಚರ್ ಬೇರೆಯಾ?

ಮೂರನೇದು: 'ಎಲ್ಲರಿಗೂ ಹೊರಲು ಆಗಲ್ಲ.' ಸತ್ಯ. ಬೆನ್ನು ನೋವಿದ್ದವರು, ವಯಸ್ಸಾದವರು, ಆಪರೇಷನ್ ಆದವರು ಕೊಡಲಿ, ನಾಚಿಕೆ ಪಡಬೇಕಾಗಿಲ್ಲ. ಹೊರುವವನ ಮಿತಿ ಒಳಗೆ, ಸರಿಯಾದ ದುಡ್ಡಿಗೆ. ಈ ವಿನಾಯಿತಿ ಅವರಿಗಾಗಿ. ಇಪ್ಪತ್ತೆಂಟು ವಯಸ್ಸಿನ ಡೆಡ್‌ಲಿಫ್ಟ್ ಶೂರರು ಅದರ ಹಿಂದೆ ಅಡಗಬಾರದು.

ನಾಲ್ಕನೇದು: 'ನಾವು ದುಡ್ಡು ಕೊಡ್ತೀವಿ, ಅವರು ಸೇವೆ ಕೊಡ್ತಾರೆ, ಮುಗೀತು.' ಇದು ಆಫೀಸಿನ ಭಾಷೆ. ನಮ್ಮ ಆಫೀಸಿನಲ್ಲಿ ಒಂದು ಸರ್ವರ್ ಮೇಲೆ ಮಿತಿ ಮೀರಿ ಲೋಡ್ ಬಿದ್ದರೆ ನಡುರಾತ್ರಿ ಫೋನ್ ಹೊಡ್ಕೋತದೆ. ಯಾವ ಮಷಿನ್ ಎಷ್ಟು ತಡೀತದೆ ಅಂತ ಡ್ಯಾಶ್‌ಬೋರ್ಡ್ ಇಟ್ಟಿದ್ದೀವಿ, ಕೆಂಪು ಗೆರೆ ಎಳೆದಿದ್ದೀವಿ. ಮಷಿನಿಗೆ ಮಿತಿ ಇದೆ ಅಂತ ಗೊತ್ತಿರೋ ನಮಗೆ ಗಂಬೂಟಿನ ಹುಡುಗನಿಗೂ ಮಿತಿ ಇದೆ ಅಂತ ಯಾರು ಹೇಳಿಕೊಡಬೇಕು?

ಹಾಗಾದ್ರೆ ಮಾಡೋದೇನು? ನಾಲ್ಕು ಕೆಲಸ ಇವೆ, ಯಾವುದಕ್ಕೂ ಕ್ರಾಂತಿ ಬೇಕಾಗಿಲ್ಲ.

ಒಂದು, ಸ್ವಂತ ಚೀಲ ಸ್ವಂತ ಬೆನ್ನಿಗೆ. ಹೊರಡೋ ಮೊದಲು ಎರಡು ತಿಂಗಳು ಭಾರ ಹಾಕಿಕೊಂಡು ಮೆಟ್ಟಿಲು ಹತ್ತಿ. ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಇದ್ದರೂ ಮೆಟ್ಟಿಲು ಇನ್ನೂ ಇವೆ. ಚೀಲ ಹತ್ತು ಕೆ.ಜಿ. ದಾಟಿದರೆ ಬಿಚ್ಚಿ ನೋಡಿ, ಆಯಿಯ ಗಂಟು ನೆನಪು ಮಾಡಿಕೊಂಡು ಅರ್ಧ ತೆಗೀರಿ.

ಎರಡು, ದುಡ್ಡು ಕಟ್ಟೋ ಮೊದಲು ಕಂಪನಿಗೆ ಮೂರು ಪ್ರಶ್ನೆ ಬರೆದು ಕೇಳಿ: ನಿಮ್ಮ ಪೋರ್ಟರ್ ಹೊರುವ ಗರಿಷ್ಠ ತೂಕ ಎಷ್ಟು? ಅವರಿಗೆ ವಿಮೆ ಇದೆಯಾ? ಬೂಟು, ಜಾಕೆಟ್, ಮಲಗೋ ಚೀಲ ಯಾರು ಕೊಡ್ತಾರೆ? ಸ್ವಂತ ಚೀಲ ಹೊರಿ ಅಂತ ತಾವೇ ಒತ್ತಾಯ ಮಾಡುವ ಕೆಲವು ಸಂಸ್ಥೆಗಳು ಇವೆ, ಅವರಿಗೆ ನಮಸ್ಕಾರ. ಉತ್ತರ ಕೊಡದ ಕಂಪನಿಗೆ ದುಡ್ಡು ಕೊಡಬೇಡಿ. ಹೋಟೆಲಿನ ಚಟ್ನಿ ಹುಳಿ ಆದರೆ ಎರಡು ಪ್ಯಾರಾ ವಿಮರ್ಶೆ ಬರೆಯೋರು ನೀವು, ಇಷ್ಟು ಬರೆಯೋಕೆ ಆಗ್ತದೆ.

ಮೂರು, ಸರ್ಕಾರಕ್ಕೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಸಾವಿರಾರು ಜನ ಮುಗಿಬಿದ್ದ ಮೇಲೆ, ಅರಣ್ಯ ಸಚಿವ ಈಶ್ವರ ಖಂಡ್ರೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನ ತಡೆದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ವಿಹಾರ ವೆಬ್‌ಸೈಟ್ ಬಂತು, ದಾರಿಯೊಂದಕ್ಕೆ ದಿನಕ್ಕೆ 300 ಜನ ಅಂತ ಮಿತಿ ಬಂತು. ಒಳ್ಳೆ ಕೆಲಸ. ಬೆಟ್ಟಕ್ಕೆ ಎಷ್ಟು ಜನ ತಡೀತದೆ ಅಂತ ಎಣಿಸಬಹುದು ಅನ್ನೋದು ರುಜುವಾತಾಯ್ತು. ಖಂಡ್ರೆಯವರು ಭಾಲ್ಕಿಯ ಶಾಸಕರು. ಅವರ ಕ್ಷೇತ್ರದಿಂದಲೇ ಪ್ರತಿ ವರ್ಷ ಬೆಟ್ಟದ ಕಡೆಗೆ ಜನ ನಡೀತಾರೆ, ಟಿಕೆಟ್ ಇಲ್ಲದೆ, ಟೆಂಟ್ ಇಲ್ಲದೆ. ರಸ್ತೆ ಅವರ ಇಲಾಖೆಯದ್ದಲ್ಲ, ಗೊತ್ತು. ನೆರಳು ಅವರ ಇಲಾಖೆಯದ್ದು. ಭಾಲ್ಕಿಯಿಂದ ಬಸವಕಲ್ಯಾಣ ದಾಟಿ ಗಡಿಯವರೆಗೆ ರಸ್ತೆಯ ಒಂದು ಬದಿಗೆ ಬೇವು, ಹುಣಸೆ, ಅರಳಿ ಸಾಲು ಹಚ್ಚಿ, ಅದರ ಕೆಳಗೆ ಒಂದು ಮೀಟರ್ ಮಣ್ಣಿನ ಕಾಲುದಾರಿ ಬಿಡಿಸಿದರೆ ಸಾಕು. ಸೀಗೆ ಹುಣ್ಣಿಮೆಗೆ ಐದು ದಿನ ಪಾದಯಾತ್ರೆಯವರು ನಡೀತಾರೆ, ಉಳಿದ ದಿನ ಶಾಲೆ ಮಕ್ಕಳು ನಡೀತಾರೆ.

ನಾಲ್ಕು, ಇದು ಕಾರು ಇರುವವರಿಗೆ. ದಸರಾ ರಜೆಗೆ ಹೈದರಾಬಾದ್, ಸೊಲ್ಲಾಪುರ, ಪುಣೆ ಅಂತ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹೋಗುವಾಗ, ಬಿಳಿ ಗೆರೆಯ ಮೇಲೆ ಸಾಲಾಗಿ ನಡೆಯೋರು ಸಿಗ್ತಾರೆ. 'ಈ ಜನಕ್ಕೆ ಬೇರೆ ಕೆಲಸ ಇಲ್ವಾ' ಅಂತ ಹಾರ್ನ್ ಹೊಡೀಬೇಡಿ. ಇದೇ ಕೆಲಸಕ್ಕೆ ನೀವು ಇಪ್ಪತ್ತು ಸಾವಿರ ಕೊಟ್ಟು ಹಿಮಾಚಲಕ್ಕೆ ಹೋಗ್ತೀರಿ. ವೇಗ ಇಳಿಸಿ, ಹೈಬೀಮ್ ಆರಿಸಿ, ಸ್ವಲ್ಪ ಬಲಕ್ಕೆ ಸರೀರಿ. ಅವರು ಗೆರೆಯಿಂದ ಕೆಳಗಿಳಿದು ಮುಳ್ಳಿನಲ್ಲಿ ನಿಲ್ಲೋ ಹಾಗೆ ಮಾಡಬೇಡಿ.

ಪುಣೆಯ ಸಾಫ್ಟ್‌ವೇರ್ ಮಂದಿ 'ಐಟಿ ದಿಂಡಿ' ಅಂತಲೇ ಕಟ್ಟಿಕೊಂಡು ಆಷಾಢದ ವಾರಿಯಲ್ಲಿ ಹೆಜ್ಜೆ ಹಾಕ್ತಾರೆ. ದಿವೆ ಘಾಟ್ ಹತ್ತುವ ದಿನ, ಪುಣೆಯಿಂದ ಸಾಸವಡದವರೆಗೆ, ಆ ಯಾತ್ರೆಯ ಕಠಿಣ ದಿನಗಳಲ್ಲಿ ಒಂದು. ಬೆಂಗಳೂರಿನ ನಮಗೆ ಅಂಥದ್ದೊಂದು ಯಾಕಿಲ್ಲ? ಭಾಲ್ಕಿ, ಔರಾದ್, ಹುಮನಾಬಾದಿನಿಂದ ಬಂದು ವೈಟ್‌ಫೀಲ್ಡಿನಲ್ಲಿ ಕೂತವರು ನಾವು ಕಡಿಮೆ ಜನ ಇಲ್ಲ. ಮುಂದಿನ ದಸರಾಕ್ಕೆ ಐದು ದಿನ ರಜೆ ಹಾಕಿ ಬನ್ನಿ. ನಂಬಿಕೆ ಇದ್ದವರು ದೇವಿಗೆ ಬನ್ನಿ, ಇಲ್ಲದವರು ಕಾಲಿಗೆ ಕೆಲಸ ಕೊಡೋಕೆ ಬನ್ನಿ. ರೊಟ್ಟಿ, ಹಿಂಡಿ ನಮ್ಮೂರಿನಿಂದ. ದಾರಿಯಲ್ಲಿ ಉಪ್ಪಿಟ್ಟು, ಚಾ ಯಾರೋ ಕೊಡ್ತಾರೆ, ಕೊಟ್ಟವರ ಹೆಸರೂ ಗೊತ್ತಾಗಲ್ಲ.

ಚೀಲ ಮಾತ್ರ ನಿಮ್ಮದು ನೀವು ತರಬೇಕು. ಹೊರೋದೂ ನೀವೇ.